ವಿಳಾಸ: ಎರಡನೇ ಗೇಟಿನ ಎದುರು

ಮುನ್ನೂರಾ ಏಳು ಹೆಸರುಗಳ ಮುಂದೆಯೂ ಒಂದೇ ಶಬ್ದ ಇತ್ತು: ಅಗ್ರಾಹ್ಯ.

ಪಾಲಿಕೆಯ ನೋಟಿಸ್ ಬೋರ್ಡಿನ ಗಾಜಿನ ಹಿಂದೆ ಹನ್ನೊಂದು ಹಾಳೆ ಅಂಟಿಸಿದ್ದರು. ವಿಜಯಶ್ರೀ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಗಾಜಿನ ಮೇಲೆ ಬೆರಳು ಎಳೆಯುತ್ತಾ ಬಂದಳು. ನಡುನಡುವೆ ಬೇರೆಯವರ ಅರ್ಜಿಗಳೂ ಇದ್ದವು. ವ್ಯಾಪಾರಿ ಸಂಘದ್ದು, ರಿಕ್ಷಾದವರದ್ದು, ಯಾವುದೋ ಹೌಸಿಂಗ್ ಸೊಸೈಟಿಯದ್ದು. ಅವೆಲ್ಲ ಗ್ರಾಹ್ಯ. ಅವಳ ಕೈಬರಹದಲ್ಲಿ ತುಂಬಿದ್ದವುಗಳಲ್ಲಿ ಮಾತ್ರ ಒಂದೂ ಉಳಿದಿರಲಿಲ್ಲ. ಕಾರಣದ ಕಾಲಮಿನಲ್ಲಿ ಮರಾಠಿಯಲ್ಲಿ ಬರೆದಿತ್ತು, ಅರ್ಜಿದಾರರು ನಗರದ ನಿವಾಸಿಗಳಲ್ಲ.

ಇನ್ನೂರಾ ಹದಿನಾಲ್ಕನೆಯದು ಅವಳದೇ. ಛತ್ರಪತಿ ಸಂಭಾಜಿನಗರದ ಸರಕಾರಿ ದವಾಖಾನೆಯಲ್ಲಿ ಹುಟ್ಟಿ, ಇಲ್ಲಿನ ಮರಾಠಿ ಶಾಲೆಯಲ್ಲಿ ಓದಿ, ಹೋದ ವರ್ಷ ಇಲ್ಲಿನ ಕಾಲೇಜಿನಲ್ಲೇ ಬಿ.ಎ. ಮುಗಿಸಿದ ವಿಜಯಶ್ರೀ ಈ ನಗರದ ನಿವಾಸಿಯಲ್ಲ.

ಅವಳು ಯಾರನ್ನೂ ಏನೂ ಕೇಳಲಿಲ್ಲ. ಕೇಳುವುದು ಅವಳಿಗೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಬಂದರೂ ಎಣಿಸಿ ಸುಮ್ಮನೆ ಹೊರಡುವ ಹುಡುಗಿ. ಬೋರ್ಡಿನ ಕೆಳಗೆ ಸಣ್ಣಕ್ಷರದಲ್ಲಿದ್ದ ಸಾಲನ್ನು ಓದಿಕೊಂಡಳು: ಅರ್ಜಿಯಲ್ಲಿ ತಿದ್ದುಪಡಿ ಇದ್ದಲ್ಲಿ ಸೋಮವಾರ ಸಂಜೆ ಐದರೊಳಗೆ. ಅಂದು ಗುರುವಾರ.

ತಪ್ಪು ಎಲ್ಲಿ ಆಯಿತೆಂದು ಅವಳಿಗೆ ಅಲ್ಲೇ ಹೊಳೆದಿತ್ತು. ಮರಾಠಿಯಲ್ಲಿ ಮಧ್ಯವರ್ತಿ ಎನ್ನುವ, ಊರ ನಡುವಿನ ಕೇಂದ್ರ ಬಸ್ ಸ್ಟ್ಯಾಂಡನ್ನು ಕಿತ್ತು ಹನ್ನೊಂದು ಕಿಲೋಮೀಟರ್ ಆಚೆ, ವರ್ತುಲ ರಸ್ತೆಯ ಪಕ್ಕಕ್ಕೆ ಒಯ್ಯುವ ಯೋಜನೆ ಪ್ರಕಟವಾಗಿತ್ತು. ತಕರಾರು ಇದ್ದವರು ಬರೆದು ಕೊಡಬೇಕು ಎಂದಿದ್ದರು. ತಕರಾರು ಇದ್ದೇ ಇತ್ತು. ಸ್ಟ್ಯಾಂಡಿನ ಎರಡನೇ ಗೇಟಿನ ಎದುರು, ಬೇವಿನ ಮರದ ಕೆಳಗೆ, ಕನ್ನಡದವರ ನಾಕಾ. ದಿನಗೂಲಿಯವರು ಬೆಳಿಗ್ಗೆ ಬಂದು ನಿಲ್ಲುವ ಜಾಗ. ಕಲಬುರಗಿಯ ಬಸ್ಸಿನಿಂದ ಬೆಳಗಿನ ಜಾವ ಇಳಿದವರು ತಲೆಯ ಮೇಲಿನ ಗಂಟನ್ನು ಮರದ ಬುಡಕ್ಕೆ ಇಳಿಸಿ, ನಲ್ಲಿಯಲ್ಲಿ ಮುಖ ತೊಳೆದು, ಒಂಬತ್ತರೊಳಗೆ ಯಾವುದಾದರೂ ಕಟ್ಟಡದ ಕೆಲಸಕ್ಕೆ ಹೊರಟಿರುತ್ತಿದ್ದರು. ಮೊದಲು ಮನೆ ಹುಡುಕಿ ಆಮೇಲೆ ಕೆಲಸ ಹುಡುಕುವ ಪದ್ಧತಿ ಅವರದಲ್ಲ. ಕೆಲಸ ಸಿಕ್ಕಲ್ಲೇ ತಗಡಿನ ಶೆಡ್ಡು, ಕಟ್ಟಡ ಮುಗಿದರೆ ಶೆಡ್ಡೂ ಮುಗಿಯಿತು. ಬಸ್ಸು ಅಲ್ಲಿ ನಿಲ್ಲುತ್ತದೆಂದೇ ಜನ ಅಲ್ಲಿ, ಜನ ಅಲ್ಲಿದ್ದಾರೆಂದೇ ಕೆಲಸಕ್ಕೆ ಆಳು ಒಯ್ಯುವ ಮುಕಾದಮರ ಗಾಡಿಗಳು ಅಲ್ಲಿ. ಬಸ್ಸು ಹೋದರೆ ಉಳಿಯುವುದು ಮರ ಒಂದೇ.

ಆರು ಬೆಳಗು ಮರದ ಕೆಳಗೆ ಕೂತು ಅವಳೇ ಅರ್ಜಿ ತುಂಬಿದ್ದಳು. ಹೆಸರು? ವಯಸ್ಸು? ಪತ್ತಾ? ಮೂರನೇ ಪ್ರಶ್ನೆಗೆ ಬಂದಾಗ ಪ್ರತಿಯೊಬ್ಬರೂ ಸ್ವಲ್ಪ ನೆಟ್ಟಗಾಗಿ, ಒಂದಿಷ್ಟು ಗತ್ತಿನಿಂದ ಹೇಳಿದ್ದರು, ತಾಲೂಕು ಆಳಂದ, ತಾಲೂಕು ಅಫಜಲಪುರ, ತಾಲೂಕು ಚಿಂಚೋಳಿ. ಪತ್ತಾ ಎಂದರೆ ಊರು, ಊರೆಂದರೆ ಅಪ್ಪ ಅಜ್ಜ ಇದ್ದದ್ದು. ಇಪ್ಪತ್ತೆರಡು ವರ್ಷದಲ್ಲಿ ಹದಿನಾಲ್ಕು ಶೆಡ್ಡು ಬದಲಿಸಿದವರಿಗೆ ಅದೊಂದೇ ಬದಲಾಗದ ವಿಳಾಸ. ಅವಳೂ ಬರೆದುಕೊಳ್ಳುತ್ತಾ ಹೋದಳು. ತನ್ನ ಅರ್ಜಿ ಬಂದಾಗಲೂ, ಒಟ್ಟು ಲೆಕ್ಕ ಹಾಕಿದರೆ ಹತ್ತು ದಿನ ಮಲಗಿರದ ಹಳ್ಳಿಯ ಹೆಸರನ್ನೇ ಕೈ ತಾನಾಗಿ ಬರೆದಿತ್ತು.

ಆ ರಾತ್ರಿ ಶೆಡ್ಡಿನಲ್ಲಿ ಬಾಯಿ ಬರದೆ, ಮರುದಿನ ಬೆಳಿಗ್ಗೆ ಅವಳು ನಾಕಾಕ್ಕೆ ಹೋಗಿ ಅವ್ವ ಮಾಳವ್ವನಿಗೆ ಹೇಳಿದಳು. ಮಾಳವ್ವ ತಲೆಗೆ ವಸ್ತ್ರ ಸುತ್ತಿಕೊಳ್ಳುತ್ತಿದ್ದವಳು ಅರ್ಧಕ್ಕೆ ನಿಂತಳು.

"ಎಲ್ಲಾನೂ?"

"ಎಲ್ಲಾ."

"ನಂದೂ?"

"ನಿಂದೂ, ನಂದೂ. ದಾನಿ ಚಿಗವ್ವಂದೂ. ನಾವು ಈ ಶಹರದಾಗ ಇಲ್ಲಂತ."

ನಾಕಾದ ಹಿರಿಯ ಮೈಲಾರಿ ಬೀಡಿ ಹಚ್ಚಲು ಹೋದವನು ಕಡ್ಡಿ ಆರಿಸಿದ. "ಇಲ್ಲಂತಾ? ಪಾಲಿಕೆ ಆಫೀಸಿನ ಮೂರನೇ ಸ್ಲ್ಯಾಬ್ ಯಾರ್ ಹಾಕಿದ್ರಂತ ಕೇಳ್ಬೇಕಿಲ್ಲೇನು? ನಾ, ನಿಮ್ಮವ್ವ, ಇನ್ನೊಂದು ಹದಿನೆಂಟು ಮಂದಿ. ಆ ಸ್ಲ್ಯಾಬಿನ ಮ್ಯಾಲೇ ಕುರ್ಚಿ ಹಾಕ್ಕೊಂಡು ಕುಂತು ಬರ್ದಾರ ನೋಡು, ನಾವಿಲ್ಲಂತ."

"ತಪ್ಪು ನಂದು ಕಾಕಾ. ನಾನೇ ಊರಿಂದು ಪತ್ತಾ ಬರ್ದೆ."

"ನೀ ಕೇಳ್ದಿ, ನಾವ್ ಹೇಳಿದ್ವಿ. ಇದ್ರಾಗ ತಪ್ಪೇನದ?"

ಮಾಳವ್ವ ವಸ್ತ್ರದ ಗಂಟು ಬಿಗಿದಳು. "ದಾನಿಗಿ ಫೋನ್ ಹಚ್ಚು."

ದಾನಮ್ಮ ಮಾಳವ್ವನ ತಂಗಿ. ನಾಸಿಕದಲ್ಲಿ ಇರುತ್ತಾಳೆ, ಸಿನ್ನರಿನ ಕಾರ್ಖಾನೆ ಕಟ್ಟಡಗಳಿಗೆ ಕೆಲಸಕ್ಕೆ ಹೋಗುತ್ತಾಳೆ. ಹೋದ ತಿಂಗಳು ಅಕ್ಕನನ್ನು ನೋಡಲು ಬಂದಾಗ ಅರ್ಜಿ ತುಂಬುವುದು ನಡೆದಿತ್ತು. 'ನಾನೂ ಇದೇ ಸ್ಟ್ಯಾಂಡಿನಾಗ ಇಳ್ಯಾಕಿ, ನಂದೂ ಬರಿ' ಎಂದು ಹೆಬ್ಬೆಟ್ಟು ಒತ್ತಿ ಹೋಗಿದ್ದಳು. ಫೋನಿನಲ್ಲಿ ಅವಳು ಪೂರ್ತಿ ಕೇಳಲೂ ಇಲ್ಲ. "ಬಸ್ ಹತ್ತೀನಿ," ಎಂದು ಇಟ್ಟುಬಿಟ್ಟಳು. ಮಧ್ಯಾಹ್ನ ಎರಡಕ್ಕೆ ಬಸ್ಸಿನಿಂದ ಇಳಿದು, ಗೇಟು ದಾಟಿ, ಮರದ ಕೆಳಗೆ ಬಂದು ನಿಂತಳು. "ನೋಡ್ರಿ, ನಲವತ್ತು ಹೆಜ್ಜಿ. ನಾಸಿಕದಾಗ ಮೂರು ಸ್ಟ್ಯಾಂಡ್ ಅವ. ಒಂದು ಬಸ್ ಇಲ್ಲಿ, ಒಂದು ಬಸ್ ಅಲ್ಲಿ. ತಲಿ ಮ್ಯಾಲ ಗಂಟು ಹೊತ್ಕೊಂಡು ಊರೆಲ್ಲಾ ಮೆರವಣಿಗಿ ಹೋಗ್ಬೇಕು. ಆ ಶಾಣ್ಯಾತನ ಇಲ್ಲಿ ಬ್ಯಾಡ. ನಡೀರಿ."

ಪಾಲಿಕೆಯಲ್ಲಿ ಯೋಜನೆಯ ಕೆಲಸ ನೋಡುತ್ತಿದ್ದ ಅಧಿಕಾರಿಯ ಹೆಸರು ಉತ್ಕರ್ಷ. ಮೂವತ್ತು ದಾಟಿರಲಿಕ್ಕಿಲ್ಲ. ಸಿಮೆಂಟು ಮೆತ್ತಿದ ಚಪ್ಪಲಿಗಳನ್ನು ನೋಡಿಯೂ ಮುಖ ಸಿಂಡರಿಸದೆ, ತಾನೇ ಎದ್ದು ಎರಡು ಕುರ್ಚಿ ಎಳೆದು ಕೊಟ್ಟ. ಒಂದರಲ್ಲಿ ದಾನಮ್ಮ ಕೂತಳು. ಇನ್ನೊಂದರಲ್ಲಿ ಮೈಲಾರಿ. ಮಾಳವ್ವ ನಿಂತೇ ಇದ್ದಳು. ಪಕ್ಕದ ಮೇಜಿನಲ್ಲಿ ಬಂದ ಅರ್ಜಿಗಳನ್ನು ದಾಖಲಿಸುವ ಗುಮಾಸ್ತೆ ವಸಂತಿ ಎಂಬವರು ಕಾಗದಗಳಿಗೆ ಮೊಹರಿನ ಸಿಕ್ಕಾ ಹೊಡೆಯುತ್ತಿದ್ದರು.

ಉತ್ಕರ್ಷ ಮರಾಠಿಯಲ್ಲಿ ಸಾವಕಾಶ ವಿವರಿಸಿದ. ಸ್ಟ್ಯಾಂಡು ನಗರದ್ದು, ಯೋಜನೆ ನಗರದ್ದು, ತಕರಾರೂ ನಗರದವರದ್ದೇ ಇರಬೇಕು. ಬೇರೆ ರಾಜ್ಯದ ವಿಳಾಸ ಕೊಟ್ಟವರ ಅರ್ಜಿ ತಾನು ಹೇಗೆ ಹಿಡಿಯಲಿ?

"ಇವರೆಲ್ಲ ಇಲ್ಲೇ ಇರೋದು ಸರ್," ಎಂದಳು ವಿಜಯಶ್ರೀ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಅವನು ಕಡತದಿಂದ ಒಂದು ಅರ್ಜಿ ತೆಗೆದ. "ದಾನಮ್ಮ ಯಾರು?"

ದಾನಮ್ಮ ಕೈಯೆತ್ತಿದಳು.

"ದಾನಮ್ಮಬಾಯಿ, ನೀವು ಎಲ್ಲಿ ಇರ್ತೀರಿ?"

"ನಾಸಿಕ," ಎಂದಳು ದಾನಮ್ಮ, ಬಿಡುಬೀಸಾಗಿ.

ಉತ್ಕರ್ಷ ನಕ್ಕ. ಕುಹಕವಲ್ಲ, ಗಣಿತದ ಉತ್ತರ ಸರಿ ಬಂದಾಗ ನಗುತ್ತಾರಲ್ಲ, ಹಾಗೆ. "ನೋಡಿದಿರಾ? ನಾಸಿಕದವರು ಸಂಭಾಜಿನಗರದ ಸ್ಟ್ಯಾಂಡಿನ ಬಗ್ಗೆ ತಕರಾರು ಮಾಡ್ತಾರೆ. ನಾಳೆ ನಾಗಪುರದವರೂ ಮಾಡಲಿ."

ದಾನಮ್ಮನಿಗೆ ಮರಾಠಿ ಅರ್ಥವಾಗುತ್ತಿತ್ತು, ಆದರೆ ಜಗಳಕ್ಕೆ ಸಾಲುವಷ್ಟು ಮಾತು ಬರುತ್ತಿರಲಿಲ್ಲ. ಅವಳು ಕುರ್ಚಿಯನ್ನು ವಿಜಯಶ್ರೀಯ ಕಡೆ ತಿರುಗಿಸಿಕೊಂಡಳು. "ಕೇಳು ಅವನಿಗಿ. ಊರಾಗಿನವರು ಬಸ್ ಸ್ಟ್ಯಾಂಡಿಗಿ ಯಾಕ ಬರ್ತಾರ? ಅವರ ಮನಿ ಇಲ್ಲೇ ಅದ, ಮನಿ ಮುಂದ ಗಾಡಿ ನಿಂತದ. ಸ್ಟ್ಯಾಂಡಿಗಿ ಬರೋರು ನಾವು, ಹೊರಗಿನವರು. ಹೊರಗಿನವರ್ನ ಬಾಗಿಲದಾಗ ನಿಂದ್ರಿಸಿ, ಸ್ಟ್ಯಾಂಡ್ ಎಲ್ಲಿ ಇಡೂಣು ಅಂತ ಒಳಗಿನವರಿಗಿ ಕೇಳೋದಂದ್ರ, ಬಾಣಂತಿ ಖೋಲಿ ಎಲ್ಲಿರಬೇಕಂತ ಗಂಡಸರ್ನ ಕೇಳ್ದಂಗಾತು. ಹೇಳು."

ಚಿಕ್ಕವಳಿದ್ದಾಗಿನಿಂದ ವಿಜಯಶ್ರೀಯದು ಇದೇ ಕೆಲಸ. ದವಾಖಾನೆ, ರೇಷನ್ ಅಂಗಡಿ, ಶಾಲೆ, ಎಲ್ಲೆಲ್ಲೂ ದೊಡ್ಡವರ ಸಿಟ್ಟನ್ನು ಮರಾಠಿಗೆ ತಿರುಗಿಸುವಾಗ ಅದರ ಮುಳ್ಳು ಮುರಿದು ಕೊಡುವುದು. ಕೈ ಅಭ್ಯಾಸದ ಹಾಗೆ ಆಗಿಹೋಗಿತ್ತು.

"ಪ್ರಯಾಣಿಕರ ಅಭಿಪ್ರಾಯವನ್ನೂ ವಿಚಾರಕ್ಕೆ ತಗೋಬೇಕು ಅಂತಾರೆ ಸರ್," ಎಂದಳು.

ದಾನಮ್ಮ ಅವಳನ್ನೇ ನೋಡಿದಳು. "ಅಷ್ಟೇನಾ?"

"ಹೂಂ."

"ನಾ ಇಷ್ಟುದ್ದ ಮಾತಾಡ್ದೆ. ನೀ ಮುಕ್ಕಾಲು ಎಲ್ಲಿ ಇಳಿಸಿ ಬಂದಿ? ಬಾಣಂತಿ ಎಲ್ಲಿ ಹೋದ್ಲು?"

ಮೈಲಾರಿ ಕೆಮ್ಮಿದ. ವಿಜಯಶ್ರೀಯ ಕಿವಿ ಬಿಸಿಯಾಯಿತು. "ಚಿಗವ್ವ, ಆಫೀಸಿನಾಗ ಅದೆಲ್ಲ..."

"ಪೂರಾ ಹೇಳು. ಅರ್ಧಾ ಹೇಳೋದಾದ್ರ ನಾ ಅರ್ಧಾ ದಾರಿ ತನಾನೇ ಬರ್ತಿದ್ದೆ."

ಹಿಂದೆ ನಿಂತಿದ್ದ ಅವ್ವ ಏನಾದರೂ ಹೇಳಿ ತನ್ನನ್ನು ಬಿಡಿಸುತ್ತಾಳೆಂದು ವಿಜಯಶ್ರೀ ಒಂದು ಕ್ಷಣ ಕಾದಳು. ಅವ್ವ ಹೇಳಲಿಲ್ಲ. ಆಗ ಅವಳು ಮೇಜಿನ ಮೇಲಿನ ಪೇಪರ್‌ವೇಟನ್ನು ನೋಡುತ್ತಾ, ಮೊದಲಿನಿಂದ, ಒಂದು ಮಾತೂ ಬಿಡದೆ ಹೇಳಿದಳು. ಗಾಡಿ, ಬಾಗಿಲು, ಬಾಣಂತಿ, ಗಂಡಸರು, ಎಲ್ಲವೂ ಬಂದವು. ಹೇಳುತ್ತಾ ಹೇಳುತ್ತಾ ದನಿ ತಾನಾಗಿ ಏರಿತು. ಕೊನೆಗೆ ದಾನಮ್ಮ ಹೇಳದ್ದನ್ನೂ ಸೇರಿಸಿದಳು: "ನೀವು ಬಸ್ಸಿನಲ್ಲಿ ಬರೋವರನ್ನು ಬಿಟ್ಟು, ಬಸ್ಸಿನ ಸದ್ದಿನಿಂದ ನಿದ್ದೆ ಕೆಡೋವರನ್ನು ಮಾತ್ರ ಕೇಳಿದ್ದೀರಿ ಸರ್."

ಪಕ್ಕದ ಮೇಜಿನ ಸಿಕ್ಕಾದ ಸದ್ದು ನಿಂತಿತ್ತು. ವಸಂತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

"ವಾದ ಸರಿ ಇರಬಹುದು," ಎಂದ ಉತ್ಕರ್ಷ, ಪೆನ್ನು ಕೆಳಗಿಟ್ಟು. "ಅದನ್ನು ವಿಚಾರಣೆಯಲ್ಲಿ ಹೇಳಿ. ಆದರೆ ವಿಚಾರಣೆಗೆ ಕರೆಯೋಕೆ ನನಗೆ ನಗರದ ಎಲ್ಲೆಯೊಳಗೆ ಒಂದು ವಿಳಾಸ ಬೇಕು. ನೋಟಿಸ್ ಎಲ್ಲಿಗೆ ಮುಟ್ಟಿಸಲಿ?"

"ಅದು ಮನೆಯೇ ಆಗಬೇಕಾ ಸರ್?"

ಇದನ್ನು ಯಾರೂ ಅವಳಿಗೆ ಅನುವಾದಿಸಲು ಹೇಳಿರಲಿಲ್ಲ. ಉತ್ಕರ್ಷ ನಿಯಮದ ಹಾಳೆ ತಿರುವಿದ, ಇನ್ನೊಮ್ಮೆ ತಿರುವಿದ. "ಮನೆ ಅಂತ ಬರೆದಿಲ್ಲ. ಪತ್ರ ಮುಟ್ಟುವ ಜಾಗ ಇರಬೇಕು."

"ಹಾಗಾದರೆ ಬರ್ಕೊಳ್ಳಿ. ಮಧ್ಯವರ್ತಿ ಬಸ್ ಸ್ಟ್ಯಾಂಡ್, ಎರಡನೇ ಗೇಟಿನ ಎದುರು, ಬೇವಿನ ಮರದ ಕೆಳಗೆ."

"ಅದೊಂದು ವಿಳಾಸವಾ?"

"ನಿಮ್ಮ ಮನುಷ್ಯರನ್ನು ಯಾವ ದಿನ ಬೇಕಾದರೂ ಕಳಿಸಿ ಸರ್. ಬೆಳಿಗ್ಗೆ ಆರೂವರೆಯಿಂದ ಒಂಬತ್ತು. ನಮ್ಮವ್ವ ಇಪ್ಪತ್ತೆರಡು ವರ್ಷದಿಂದ ಅಲ್ಲೇ ಸಿಗ್ತಾಳೆ. ಈ ಗ್ರಾಹ್ಯ ಆದವರ ಪಟ್ಟಿಯಲ್ಲಿ ಅಷ್ಟು ಗ್ಯಾರಂಟಿಯಿಂದ ಮನೆಯಲ್ಲಿ ಸಿಗೋವರು ಎಷ್ಟು ಜನ ಇದ್ದಾರೆ?"

ಉತ್ಕರ್ಷ ಕುರ್ಚಿಗೆ ಒರಗಿದ. ಒಪ್ಪಿದ ಮುಖವಲ್ಲ, ಆದರೆ ತಳ್ಳಿಹಾಕಲು ಸಾಲು ಸಿಗದ ಮುಖ. ಒಬ್ಬೊಬ್ಬರದೂ ಬೇರೆ ತಿದ್ದುಪಡಿ ಪತ್ರ ಬೇಕು ಎಂದ. ಪ್ರತಿಯೊಂದಕ್ಕೂ ಅವರವರದೇ ಸಹಿ ಅಥವಾ ಹೆಬ್ಬೆಟ್ಟು, ಝೆರಾಕ್ಸ್ ನಡೆಯುವುದಿಲ್ಲ. "ಸೋಮವಾರ ಐದು ಗಂಟೆ. ಆಗುತ್ತಾ?"

ಹಿಂದೆ ನಿಂತಿದ್ದ ಮಾಳವ್ವ ಮರಾಠಿಯಲ್ಲಿ ಒಂದೇ ಮಾತು ಹೇಳಿದಳು. "ಹೋಯಿಲ್." ಆಗುತ್ತದೆ.

ಶನಿವಾರ, ರವಿವಾರ ವಿಜಯಶ್ರೀ ಶೆಡ್ಡಿನ ಬಾಗಿಲ ಬೆಳಕಿಗೆ ಕೂತು ಕಾರ್ಬನ್ ಇಟ್ಟು ಬರೆದಳು. ಒಂದು ಪಾಲಿಕೆಗೆ, ಒಂದು ತಮಗೆ. ಬೆರಳಿನ ಗೆಣ್ಣು ಊದಿತು. ದಾನಮ್ಮ ಹಾಳೆಗಳನ್ನು ಹೊಂದಿಸಿ ಇಡುತ್ತಾ, ನಡುನಡುವೆ ಚಹಾ ಕೊಡುತ್ತಾ, ಕೆಲಸದ ಗುಂಗಿನಲ್ಲಿದ್ದ ಹುಡುಗಿಯನ್ನು ಕೆಣಕುತ್ತಾ ಕೂತಿದ್ದಳು. "ಬಿ.ಎ. ಮಾಡಿ ಏನ್ ಮಾಡ್ತದ ಅಂತಿದ್ರಲ್ಲ ಊರಾಗಿರೋ ನಿಮ್ಮಪ್ಪ. ಗಿಡದ ಹೆಸರು ಬರ್ಯಾಕತ್ಯಾಳ ಅಂತ ಹೇಳ್ತೀನಿ ತಡಿ."

ದಾನಮ್ಮನ ಹೆಸರು ಬಂದಾಗ ಅವಳು ಹಾಳೆಯ ಮೇಲೆ ಅಂಗೈ ಇಟ್ಟಳು.

"ನಂದ್ರಾಗ ಗಿಡದ ಪತ್ತಾ ಹಾಕಬ್ಯಾಡ."

"ಮತ್ತೇನು ಹಾಕ್ಲಿ?"

"ನಾಸಿಕದ್ದು ಹಾಕು. ನಾ ಇರೋದು ಅಲ್ಲಿ."

"ಚಿಗವ್ವ, ಅದು ನಿಲ್ಲಲ್ಲ. ತೆಗ್ದು ಹಾಕ್ತಾರ."

"ಹಾಕ್ಲಿ. ನೀವು ಗಿಡದ ಬುಡಕ್ಕ ಖರೇನೇ ಸಿಗ್ತೀರಿ, ಬರಕೋರಿ. ನಾ ಸುಳ್ಳು ಯಾಕ ಬರ್ಸಲಿ? ನಾಸಿಕದಾಕಿ ಒಬ್ಬಾಕಿ ಸಂಭಾಜಿನಗರದ ಸ್ಟ್ಯಾಂಡ್ ನಂದೂ ಅದ ಅಂದ್ಲು ಅಂತ ಒಂದು ಕಾಗದ ಅವರ ಕಪಾಟಿನಾಗ ಬಿದ್ದಿರ್ಲಿ. ಬ್ಯಾಡ ಅನ್ನೋದಾದ್ರ ಬರ್ದು ಅನ್ಲಿ. ಬಾಯಿಲೆ ಅಲ್ಲ."

ವಿಜಯಶ್ರೀ ವಾದಿಸಲಿಲ್ಲ. ನಾಸಿಕದ ಶೆಡ್ಡಿನ ವಿಳಾಸವನ್ನು ಕೇಳಿ ಕೇಳಿ ಬರೆದಳು.

ಸೋಮವಾರ ಬೆಳಿಗ್ಗೆ ನಾಕಾ ಎಂದಿನಂತೆ ತುಂಬಿತು, ಆದರೆ ಯಾರೂ ಗಾಡಿ ಹತ್ತಲಿಲ್ಲ. ಮೈಲಾರಿ ಮುಕಾದಮರಿಗೆಲ್ಲ ಹೇಳಿಬಿಟ್ಟಿದ್ದ, ಇವತ್ತು ನಾಕಾದಿಂದ ಆಳು ಹೊರಡೋದು ಒಂಬತ್ತಕ್ಕೆ. ಏಳೂವರೆಗೆ ರಸ್ತೆಯ ಬದಿಯಲ್ಲಿ ಪಿಕಪ್ಪುಗಳ ಸಾಲು ನಿಂತಿತು. ಏಳೂ ಮುಕ್ಕಾಲಿಗೆ ಹಾರ್ನು ಶುರುವಾದವು. ಒಬ್ಬ ಮುಕಾದಮ ಇಳಿದು ಬಂದ. ಕಾಂಕ್ರೀಟಿನ ಗಾಡಿ ಹೊರಟಿದೆ, ಇಪ್ಪತ್ತು ಆಳು ಈಗಲೇ ಬೇಕು, ಇಲ್ಲದಿದ್ದರೆ ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದ.

"ನೋಡ್ಕೋರಿ ಸಾಹೇಬ್ರ," ಎಂದ ಮೈಲಾರಿ. "ಹನ್ನೊಂದು ಕಿಲೋಮೀಟರ್ ಹೋಗಿ ಅಲ್ಲಿ ಯಾರರ ನಿಂತಾರೇನು ನೋಡಿ ಬರ್ರಿ. ಹ್ಯಾಂಗೂ ಮುಂದಿನ ವರ್ಷ ದಿನಾ ಹೋಗ್ಬೇಕಾಗ್ತದ, ರೂಢಿ ಆಗ್ಲಿ."

ಮುಕಾದಮ ಗೊಣಗುತ್ತಾ ಹೋಗಿ ಗಾಡಿಯಲ್ಲಿ ಕೂತ. ಬೇರೆ ಕಡೆ ಹೋಗಲಿಲ್ಲ. ಅರ್ಧ ಗಂಟೆಯ ಮೇಲೆ ಅವನೇ ಬಂದು, ಸಾಲು ಬೇಗ ಸರಿಯಲಿ ಎಂದು ಹಾಜರಿಗೆಂದು ತನ್ನ ಗಾಡಿಯಲ್ಲಿ ಇಟ್ಟಿದ್ದ ಶಾಯಿಯ ಡಬ್ಬಿಯನ್ನೂ ಕೊಟ್ಟ.

ವಿಜಯಶ್ರೀ ಮಗುಚಿ ಹಾಕಿದ ಸಿಮೆಂಟಿನ ಬುಟ್ಟಿಯ ಮೇಲೆ ಕೂತಿದ್ದಳು. ಒಬ್ಬೊಬ್ಬರೂ ಬಾಗಿ, ಹೆಸರು ಹೇಳಿ, ಹೆಬ್ಬೆಟ್ಟು ಒತ್ತಿ, ಬೆರಳನ್ನು ಮರದ ತೊಗಟೆಗೆ ಒರೆಸಿ ಸರಿಯುತ್ತಿದ್ದರು. ದಿನಾ ಸಿಲ್ಲೋಡಿನ ಬಸ್ಸಿನಲ್ಲಿ ನಾಕಾಕ್ಕೆ ಬರುವ ಹೆಂಗಸರು ಬುತ್ತಿ ಕಂಕುಳಲ್ಲಿ ಇಟ್ಟುಕೊಂಡೇ ಒತ್ತಿದರು. ಕಲಬುರಗಿಯ ಬಸ್ಸು ಆ ದಿನ ತಡವಾಗಿ ಬಂತು. ಊರಿಗೆ ಹೋಗಿದ್ದ ಒಂಬತ್ತು ಮಂದಿ ಅದರಲ್ಲಿ ಇದ್ದರು. ಗಂಟು ಇಳಿಸುವ ಮೊದಲೇ ಅವರನ್ನು ಸಾಲಿಗೆ ಎಳೆದದ್ದಾಯಿತು.

ಒಂಬತ್ತಕ್ಕೆ ಇನ್ನೂರಾ ಅರವತ್ತೆರಡು. ಮಾಳವ್ವ ಕಾಂಕ್ರೀಟಿನ ಗಾಡಿಗೇ ಹೋದಳು, ಹೋಗುವಾಗ ಮಗಳ ಬೆನ್ನಿಗೆ ಒಂದು ಸಲ ಕೈ ತಾಗಿಸಿ. ವಿಜಯಶ್ರೀಯೂ ದಾನಮ್ಮನೂ ಕಟ್ಟಡದಿಂದ ಕಟ್ಟಡಕ್ಕೆ ಅಲೆದರು, ಒಂದು ಕಡೆ ಏಳನೇ ಮಹಡಿಯವರೆಗೆ ಹತ್ತಿದರು. ನಾಲ್ಕು ಗಂಟೆಗೆ ಇನ್ನೂರಾ ಎಂಬತ್ತೊಂದು ಆಗಿತ್ತು. ಉಳಿದ ಇಪ್ಪತ್ತಾರು ಮಂದಿ ಊರಲ್ಲಿದ್ದರು. ಅವರ ಅರ್ಜಿಗಳು ಹೋದ ಲೆಕ್ಕ. ಆ ಹಾಳೆಗಳನ್ನು ಅವಳು ಚೀಲದ ತಳದಲ್ಲಿ ಇಟ್ಟುಕೊಂಡಳು. ಎಸೆಯಲು ಮನಸ್ಸು ಬರಲಿಲ್ಲ.

ನಾಲ್ಕೂ ಇಪ್ಪತ್ತಕ್ಕೆ ಅವಳು ವಸಂತಿಯವರ ಮೇಜಿನ ಮುಂದೆ ಕಟ್ಟು ಇಟ್ಟಳು.

"ಇಲ್ಲಿ ಬಿಡಮ್ಮ," ಎಂದರು ವಸಂತಿ. "ಮೇಲಿನದಕ್ಕೆ ಒಂದು ಸಿಕ್ಕಾ ಹೊಡೆದು ಕೊಡ್ತೀನಿ. ಒಟ್ಟು ಇಷ್ಟು ಬಂದಿವೆ ಅಂತ ಬರೀತೀನಿ."

ಶುಕ್ರವಾರಕ್ಕೆ ಮುಂಚಿನ ವಿಜಯಶ್ರೀ ಆಗಿದ್ದರೆ ಥ್ಯಾಂಕ್ಸ್ ಹೇಳಿ ತೆಗೆದುಕೊಂಡು ಹೊರಡುತ್ತಿದ್ದಳು.

"ಬೇಡ ಮ್ಯಾಡಂ. ಒಂದೊಂದಕ್ಕೂ ಬೇಕು. ನಮ್ಮ ಪ್ರತಿಯ ಮೇಲೂ."

"ಇನ್ನೂರಾ ಎಂಬತ್ತೊಂದಕ್ಕಾ? ನಲವತ್ತು ನಿಮಿಷ ಉಳಿದಿದೆ!"

"ನಾನು ಹಾಳೆ ತಿರುವಿ ಕೊಡ್ತೀನಿ. ಹೋದ ಸಲ ಇಡೀ ಕಟ್ಟಿಗೆ ಒಂದೇ ಸಿಕ್ಕಾ ಹೊಡೆದಿದ್ರಿ. ಕಟ್ಟಾಗೇ ತಳ್ಳಿಹಾಕಿದ್ರು. ಈ ಸಲ ತಳ್ಳೋದಿದ್ರೆ ಒಬ್ಬೊಬ್ಬರ ಹೆಸರು ಓದಿ ತಳ್ಳಲಿ."

ವಸಂತಿ ಅವಳನ್ನೂ, ಪಕ್ಕದಲ್ಲಿ ಕೈ ಕಟ್ಟಿ ನಿಂತ ದಾನಮ್ಮನನ್ನೂ ನೋಡಿದರು. ಗಡಿಯಾರ ನೋಡಿದರು. ಆಮೇಲೆ ಬಳೆಗಳನ್ನು ಮೊಣಕೈಯತ್ತ ಸರಿಸಿಕೊಂಡು ಶುರು ಮಾಡಿದರು. ಎರಡು ಏಟು, ಹಾಳೆ. ಎರಡು ಏಟು, ಹಾಳೆ. ನೂರು ದಾಟುವ ಹೊತ್ತಿಗೆ ಅವರ ಕೈಗೂ ಒಂದು ಹದ ಬಂದಿತ್ತು. ಉತ್ಕರ್ಷ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ತನ್ನ ಕಡತಕ್ಕೆ ಬಾಗಿದ. ಐದಕ್ಕೆ ಎರಡು ನಿಮಿಷ ಇರುವಾಗ ಕೊನೆಯ ಹಾಳೆ ಬಂತು.

ವಸಂತಿಯವರ ಕೈ ಗಾಳಿಯಲ್ಲೇ ನಿಂತಿತು. "ಇದರಲ್ಲಿ ನಾಸಿಕ ಅಂತಿದೆಯಲ್ಲ! ಎಲ್ಲರದ್ದೂ ಸರಿಮಾಡಿ ಇದೊಂದು ಬಿಟ್ಟುಬಿಟ್ಟೆ ನೀನು. ಇದು ಅಗ್ರಾಹ್ಯ ಆಗುತ್ತೆ, ಖಾತ್ರಿ."

ದಾನಮ್ಮ ಏನು ಅನ್ನುತ್ತಾಳೆಂದು ವಿಜಯಶ್ರೀ ತಿರುಗಿ ನೋಡಲಿಲ್ಲ.

"ಬಿಟ್ಟಿಲ್ಲ ಮ್ಯಾಡಂ, ಬೇಕಂತಲೇ ಬರೆದಿದ್ದು. ಅಗ್ರಾಹ್ಯ ಆಗಲಿ. ಮೊದಲು ಸಿಕ್ಕಾ ಹೊಡೀರಿ."

ವಸಂತಿ ಸಿಕ್ಕಾವನ್ನು ಶಾಯಿಗೆ ಒತ್ತಿದರು.